ಮರಳಿ ತಿರುವಿನ ಸ್ವಿಚ್ಚು

ಆ ಲೈಟಿನ ಸ್ವಿಚ್ಚನ್ನು ಸುಮ್ಮನೆ ಟಕ್ ಟಕ್ ಅನ್ನಿಸಬೇಡ, ಕೈ ತೆಗೆ. ಆರಿಸುವುದಿದ್ದರೆ ಒಮ್ಮೆ ಆರಿಸಿ ಬಂದು ಕೂತುಕೋ. ಯಾಕೆ ಅಂದರೆ ಹೇಳುತ್ತೇನೆ, ಆದರೆ ನಡುವೆ ಎದ್ದು ಹೋಗುವ ಹಾಗಿಲ್ಲ. ಇದು ಯಾರೋ ಎಲ್ಲೋ ಹೇಳಿ ಕೇಳಿದ್ದಲ್ಲ. ನಮ್ಮ ದೊಡ್ಡವ್ವನ ಮಗ ರುದ್ರೇಶನಿಗೆ ಆದದ್ದು. ಮರಳಿಯಲ್ಲಿ ಅವನ ಮನೆ, ಗಂಗಾವತಿಯಲ್ಲಿ ಗ್ಯಾರೇಜು. ಹೋದ ವರ್ಷ ಭತ್ತದ ಸುಗ್ಗಿಯ ಹೊತ್ತು.

ಅವತ್ತು ಅವನ ಬೈಕು ಕೆಟ್ಟಿತ್ತು. ಊರಿನವರ ಗಾಡಿಯನ್ನೆಲ್ಲ ರಿಪೇರಿ ಮಾಡುವವನಿಗೆ ತನ್ನ ಬೈಕು ನೋಡಲು ಪುರುಸೊತ್ತು ಎಲ್ಲಿಂದ ಬರಬೇಕು? ರಾತ್ರಿ ಕೊನೆಯ ಟಂಟಂ ಆಟೋ ಹಿಡಿದು ಕ್ರಾಸಿನಲ್ಲಿ ಇಳಿದ. ಅಲ್ಲಿಂದ ಕಾಲುವೆ ದಂಡೆಯ ಮೇಲೆ ನಡೆದು ಹೋಗಬೇಕು. ಅರ್ಧ ದಾರಿಗೆ ಒಂದು ದೊಡ್ಡ ಆಲದ ಮರ. ಮರದ ಬುಡದಲ್ಲೇ ರಸ್ತೆ ಗಕ್ಕನೆ ತಿರುಗುತ್ತದೆ. ಒಂದು ವರ್ಷದಿಂದ ಆ ತಿರುವನ್ನು ಅವನು ಬೈಕಿನ ಮೇಲೆ ಆ ಕಡೆ ನೋಡದೆಯೇ ದಾಟುತ್ತಿದ್ದ. ನಡೆದು ಹೋದದ್ದು ಅದೇ ಮೊದಲು.

ಗದ್ದೆಯಲ್ಲಿ ಜೀರುಂಡೆಗಳು ಒಂದೇ ಸಮನೆ ಕೂಗುತ್ತಿದ್ದವು. ಆಲದ ಮರ ಹತ್ತಿರ ಬಂತು... ಎಲ್ಲವೂ ಒಮ್ಮೆಲೇ ನಿಂತವು. ಕಾಲುವೆಯ ನೀರೊಂದೇ ಗುಳುಗುಳು... ಗುಳುಗುಳು... ಅದರ ಮೇಲೆ ಇನ್ನೊಂದು ಸಪ್ಪಳ.

ಟಕ್.

ನಿಂತ. ಒಣಗಿದ ಎಲೆ ಬಿದ್ದಿರಬೇಕು ಅಂದುಕೊಂಡ. ಎಲೆ ಬಿದ್ದರೆ ಹಾಗೆ ಸಪ್ಪಳ ಆಗುವುದಿಲ್ಲ ಅನ್ನುವುದು ಅವನಿಗೇ ಗೊತ್ತು.

ಟಕ್... ಟಕ್... ಟಕ್...

ಅದು ಯಾವುದರ ಸಪ್ಪಳ ಅಂತ ಬೇರೆ ಯಾರಿಗೂ ತಿಳಿಯದಿದ್ದರೂ ಅವನಿಗೆ ತಿಳಿಯುತ್ತದೆ. ಸ್ವಿಚ್ಚಿನ ಸಪ್ಪಳ. ಆ ಸ್ವಿಚ್ಚನ್ನು ಒಂದು ಲಾರಿಗೆ ಕೂರಿಸಿದವನೇ ಅವನು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಕಳಕಪ್ಪ ಸಾಹುಕಾರನಿಗೆ ಒಂದು ಹಟ ಇತ್ತು. ಹಸಿ ಗದ್ದೆಯೊಳಗೇ ಲಾರಿ ಇಳಿಸಿ ಭತ್ತ ತುಂಬಿಕೊಂಡು ಬರಬೇಕು, ಮಂದಿ ಬಾಯಿ ಬಿಟ್ಟು ನೋಡಬೇಕು. ಹಳೆಯ ಲಾರಿಗೆ ಎತ್ತರದ ದೊಡ್ಡ ಟೈರು ಹಾಕಿಸಿದ. ದೊಡ್ಡ ಟೈರು ಹಾಕಿದರೆ ಲಾರಿ ನೋಡಲು ಚೆಂದ, ಆದರೆ ಎಳೆಯುವುದಿಲ್ಲ. ಗಾಲಿ ಒಂದು ಸುತ್ತಿಗೆ ಮೊದಲಿಗಿಂತ ಹೆಚ್ಚು ದೂರ ಹೋಗಬೇಕು, ಇಂಜಿನ್ನಿಗೆ ದಮ್ಮು ಸಾಲುವುದಿಲ್ಲ. ಅದಕ್ಕೆ ಹಿಂದಿನ ಅಚ್ಚಿನೊಳಗಿನ ಹಲ್ಲಿನ ಚಕ್ರದ ಜೋಡಿಯನ್ನೇ ಬದಲಿಸಬೇಕು. ಕ್ರೌನ್ ಪಿನಿಯನ್ ಅನ್ನುತ್ತಾರೆ.

"ರೋಡಿನ್ಯಾಗ ಓಡಬೇಕು, ಕೆಸರಿನ್ಯಾಗ ಎಳೀಬೇಕು. ಅಂಥಾದ್ದು ಹಾಕು," ಅಂದ ಕಳಕಪ್ಪ.

"ಎರಡೂ ಒಂದರಾಗ ಸಿಗಂಗಿಲ್ರಿ ಸಾವ್ಕಾರ್ರ. ಓಟ ಬಿಡ್ರಿ, ಎಳೆತ ತಗೋರಿ," ಅಂದ ರುದ್ರೇಶ.

ಅವನು ಆರಿಸಿ ತಂದು ಕೂರಿಸಿದ ಜೋಡಿ ಸರಿಯಾಗಿತ್ತು. ಹೊಸ ಟೈರಿನ ಮೇಲೆ ಲಾರಿ ಎತ್ತಿನ ಹಾಗೆ ಎಳೆಯಿತು. ಅದರಲ್ಲಿ ಇವತ್ತಿಗೂ ಯಾರೂ ತಪ್ಪು ಹುಡುಕಲಾರರು.

ತಪ್ಪಾದದ್ದು ಲಾಕಿನಲ್ಲಿ. ಕೆಸರಿನಲ್ಲಿ ಒಂದು ಗಾಲಿ ಜಾರಿ ಸುಮ್ಮನೆ ಗಿರಕಿ ಹೊಡೆಯತೊಡಗಿದರೆ ಇನ್ನೊಂದು ನಿಂತೇ ಬಿಡುತ್ತದೆ. ಎರಡನ್ನೂ ಜೋಡಿಸಿ ಒಟ್ಟಿಗೆ ತಿರುಗಿಸುವುದೇ ಲಾಕು. ಆದರೆ ರಸ್ತೆಗೆ ಬಂದ ಮೇಲೆ ಅದನ್ನು ತೆಗೆಯಲೇಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಲಾಕು ಹಾಗೇ ಇದ್ದರೆ, ಅದರಲ್ಲೂ ಹಿಂದೆ ಭಾರ ತುಂಬಿದ್ದರೆ, ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಲಾರಿ ನೆಟ್ಟಗೇ ಹೋಗುತ್ತದೆ.

ಲಾಕಿನ ಸಾಮಾನು ಹುಬ್ಬಳ್ಳಿಯಿಂದ ಬರಬೇಕಿತ್ತು, ಬರಲಿಲ್ಲ. ಭತ್ತ ಕೊಯ್ಲಿಗೆ ನಿಂತಿದೆ, ಮೋಡ ಕಟ್ಟುತ್ತಿದೆ. ಕಳಕಪ್ಪ ಬೆಳಗಾದರೆ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ.

"ನಿನ್ನ ಕೈಲೆ ಆಗಂಗಿಲ್ಲಂದ್ರ ಹೇಳಿಬಿಡು. ಹೊಸಪೇಟಿಗೆ ಒಯ್ತೀನಿ."

ಆ ಮಾತು ರುದ್ರೇಶನಿಗೆ ನಾಟಿತು. ಕೈ ಪಳಗಿದ ಮೆಕ್ಯಾನಿಕ್ಕುಗಳ ಜಂಬ ನಿಮಗೆ ಗೊತ್ತಲ್ಲ, ನಮ್ಮ ಮನೆತನದಲ್ಲಿ ಅದು ಇನ್ನೂ ಒಂದು ಚೂರು ಜಾಸ್ತಿ. ಎಲ್ಲರೂ ಹೋದ ಮೇಲೆ ಅಚ್ಚಿನ ಹೌಸಿಂಗ್, ಅಂದರೆ ಕವಚ, ಬಿಚ್ಚಿದ. ಒಳಗಿನ ಸಣ್ಣ ಚಕ್ರಗಳನ್ನು ಒಂದಕ್ಕೊಂದು ವೆಲ್ಡಿಂಗ್ ಮಾಡಿ ಮುಚ್ಚಿಬಿಟ್ಟ. ಲಾಕೇನೋ ಆಯಿತು, ಆದರೆ ಎಂದಿಗೂ ಬಿಚ್ಚದ ಲಾಕು. ಅದು ಗೊತ್ತಾಗಬಾರದೆಂದು ಡ್ರೈವರನ ಎದುರಿಗೆ ಒಂದು ಸ್ವಿಚ್ಚು ಕೂರಿಸಿದ. ಮೇಲಕ್ಕೆ ಒತ್ತಿದರೆ ಲಾಕು, ಕೆಳಕ್ಕೆ ಒತ್ತಿದರೆ ಬಂದ್, ಹಾಗಂತ ಹೇಳಿದ. ಸ್ವಿಚ್ಚಿನ ಹಿಂದೆ ತಂತಿಯೇ ಇರಲಿಲ್ಲ. ಅಸಲಿ ಸಾಮಾನು ಬಂದ ಕೂಡಲೇ ಹಾಕಿಬಿಟ್ಟರಾಯಿತು, ಅಲ್ಲಿಯ ತನಕ ಯಾರಿಗೆ ತಿಳಿಯುತ್ತದೆ ಅಂದುಕೊಂಡ.

ಲಾರಿಯ ಡ್ರೈವರ್ ಪಕೀರಪ್ಪ. ರುದ್ರೇಶನ ಊರಿನವನೇ, ಅದೇ ಓಣಿ. ಗಾಡಿ ನಿಲ್ಲಿಸಿ ಇಳಿದು ಹೋದವನು ಮತ್ತೆ ತಿರುಗಿ ಬಂದು ಹ್ಯಾಂಡ್‌ಬ್ರೇಕ್ ನೋಡಿಯೇ ಹೋಗುವ ಮನುಷ್ಯ. ಹಾಗಾಗಿ ಹುಡುಗರು ಅವನನ್ನು ಕಾಡಿಸುತ್ತಿದ್ದರು. ಲಾರಿ ಓಡಿಸಿದ ಮೊದಲ ದಿನವೇ ಗ್ಯಾರೇಜಿಗೆ ಬಂದ.

"ತಮ್ಮಾ, ಸ್ವಿಚ್ ಬಂದ್ ಮಾಡಿದ್ರೂ ತಿರುವಿನ್ಯಾಗ ಟೈರು ಚಿರ್ರ್ ಅಂತಾವು. ಏನರ ಐತೇನು, ನೋಡು."

ರುದ್ರೇಶ ಅಲ್ಲೇ ಹೇಳಬಹುದಿತ್ತು. ಆದರೆ ಕಳಕಪ್ಪ ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದ.

"ಹೊಸದೈತಿ ಕಾಕಾ, ಓಡಿದಂಗ ಸಡ್ಲ ಆಗ್ತೈತಿ. ರೋಡಿಗೆ ಹತ್ತಿದ ಮ್ಯಾಲೆ ಬಂದ್ ಮಾಡೂದು ಮರೀಬ್ಯಾಡ, ಅಷ್ಟ."

"ಮರಿಯಂಗಿಲ್ಲ ಬಿಡು."

ಅದೇ ವಾರ ಭತ್ತ ತುಂಬಿಕೊಂಡು ಬರುತ್ತಿದ್ದ ಲಾರಿ ಆಲದ ಮರದ ತಿರುವಿನಲ್ಲಿ ತಿರುಗದೆ ನೆಟ್ಟಗೆ ಕಾಲುವೆಗೆ ಇಳಿಯಿತು. ಪಕೀರಪ್ಪ ಹೊರಗೆ ಬರಲಿಲ್ಲ. ಕ್ರೇನು ಲಾರಿಯನ್ನು ಎಳೆದಾಗ ಪೊಲೀಸರು ಬ್ರೇಕು ನೋಡಿದರು, ಸ್ಟೇರಿಂಗ್ ನೋಡಿದರು, ಎರಡೂ ಸರಿ ಇದ್ದವು. ಸ್ವಿಚ್ಚು ಮಾತ್ರ ಮೇಲಿತ್ತು. ಕಳಕಪ್ಪ ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡ. ಲಾಕು ತೆಗೆಯುವುದನ್ನು ಡ್ರೈವರ್ ಮರೆತ ಅಂದರು, ಅಲ್ಲಿಗೆ ಮುಗಿಯಿತು. ರುದ್ರೇಶನನ್ನೂ ಕೇಳಿದರು.

"ಹೌದ್ರಿ, ಲಾಕ್ ಇದ್ರ ಲಾರಿ ತಿರಗಂಗಿಲ್ಲ," ಅಂದ.

ಅದು ಸುಳ್ಳಲ್ಲ. ಅದಕ್ಕೇ ಆ ಮಾತು ಅವನನ್ನು ವರ್ಷವಿಡೀ ತಿಂದಿತು. ಪಕೀರಪ್ಪನ ಹೆಂಡತಿ ಯಮನೂರಮ್ಮ ನಳದ ಹತ್ತಿರ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, "ಮನಿಯಾಗಿನ ಲೈಟ್ ಆರೈತೋ ಇಲ್ಲೋ ಎರಡೆರಡ ಸಲ ನೋಡಿ ಮಲಗೋ ಮನಶ್ಯಾ. ಅದನ್ನ ಹೆಂಗ ಮರೀತಾನ?" ಮಗ ಅಯ್ಯಪ್ಪ ಲೈಸೆನ್ಸ್ ಮಾಡಿಸಿಕೊಂಡಿದ್ದ. ಅಪ್ಪ ಹಾಗೆ ಮಾಡಿದವನು, ಮಗನ ಕೈಗೆ ಗಾಡಿ ಹೇಗೆ ಕೊಡುವುದು ಅಂತ ಗಂಗಾವತಿಯಲ್ಲಿ ಒಬ್ಬರೂ ಕೆಲಸ ಕೊಡಲಿಲ್ಲ. ಇದನ್ನೆಲ್ಲ ರುದ್ರೇಶ ಕಂಡೂ ಕಾಣದವನ ಹಾಗೆ ಇದ್ದ.

ಈಗ ಆಲದ ಮರಕ್ಕೆ ಬನ್ನಿ.

ಟಕ್... ಟಕ್...

ಮರದ ಕಟ್ಟೆಯ ಮೇಲೆ ಯಾರೋ ಕೂತಿದ್ದರು. ಮುಖ ಕಾಲುವೆಯ ಕಡೆಗಿತ್ತು. ಹೆಗಲ ಮೇಲಿನ ಟವೆಲಿನಿಂದ ನೀರು ತೊಟ್... ತೊಟ್... ಅಂತ ಕಲ್ಲಿನ ಮೇಲೆ ಬೀಳುತ್ತಿತ್ತು. ಹಸಿ ಭತ್ತದ ವಾಸನೆ, ಗೇರ್ ಆಯಿಲ್ಲಿನ ವಾಸನೆ. ಬಲಗೈ ಎದುರಿಗೆ ಚಾಚಿತ್ತು, ಹೆಬ್ಬೆರಳು ಮೇಲಕ್ಕೆ ಕೆಳಕ್ಕೆ ಆಡುತ್ತಿತ್ತು. ಬೆರಳಿನ ಕೆಳಗೆ ಏನೂ ಇರಲಿಲ್ಲ. ಆದರೂ ಸಪ್ಪಳ ಬರುತ್ತಿತ್ತು.

"ತಮ್ಮಾ..."

ಪಕೀರಪ್ಪನ ದನಿ. ರುದ್ರೇಶ ಒಂದು ಹೆಜ್ಜೆ ಹಿಂದೆ ಸರಿದ.

"ನಾ ಬಂದ್ ಮಾಡಿದ್ನಲ್ಲ...? ಮಾಡಿದಂಗ ನೆನಪೈತಿ. ಆದ್ರೂ ತಿರಗಲಿಲ್ಲ. ಮತ್ತ ಹಾಕಿದೆ... ಮತ್ತ ತಗದೆ... ಮತ್ತ ಹಾಕೂದ್ರಾಗ ನೀರು ಬಂತು."

ದನಿಯಲ್ಲಿ ಸಿಟ್ಟು ಇರಲಿಲ್ಲ. ಅದನ್ನೇ ತಡೆದುಕೊಳ್ಳಲಾಗಲಿಲ್ಲ ಅನ್ನುತ್ತಾನೆ ರುದ್ರೇಶ. ಬೈದಿದ್ದರೆ, ಕುತ್ತಿಗೆ ಹಿಡಿದಿದ್ದರೆ ಆಗುತ್ತಿತ್ತು. ಸತ್ತು ಒಂದು ವರ್ಷವಾದರೂ ಆ ಮನುಷ್ಯ ತಪ್ಪು ತನ್ನದೇ ಇರಬೇಕು ಅಂತ ಬೆರಳು ಆಡಿಸುತ್ತಾ ಲೆಕ್ಕ ಹಾಕುತ್ತಿದ್ದ.

ರುದ್ರೇಶ ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್... ಟಕ್... ಮನೆಯೊಳಗೇ. ಹೆಂಡತಿ ಲಲಿತಾ ಎದ್ದು ಕೂತಳು.

"ಏನ್ ಮಾಡಾಕತ್ತೀರಿ? ಎಷ್ಟು ಸಲ ಲೈಟ್ ಹಾಕ್ತೀರಿ, ತಗೀತೀರಿ?"

ನೋಡಿಕೊಂಡ. ಗೋಡೆಯ ಸ್ವಿಚ್ಚಿನ ಮೇಲೆ ಅವನದೇ ಹೆಬ್ಬೆರಳು. ತಾನು ಯಾವಾಗ ಎದ್ದು ಅಲ್ಲಿಗೆ ಬಂದೆ ಅಂತಲೇ ಅವನಿಗೆ ತಿಳಿಯದು. ಕೈ ಕಿತ್ತುಕೊಂಡು ನೆಲದ ಮೇಲೆ ಕೂತ. ಆಮೇಲೆ ಲಲಿತಾಳಿಗೆ ಎಲ್ಲ ಹೇಳಿದ, ವೆಲ್ಡಿಂಗಿನಿಂದ ಹಿಡಿದು. ಅವಳು ಎದ್ದು ಬಾಗಿಲ ಚಿಲಕ ತೆಗೆದಳು.

"ನನಗ ಹೇಳಿದ್ರ ಏನ್ ಬಂತು? ಕೇಳಿದವ್ರಿಗೆ ಹೇಳಿ ಬರ್ರಿ."

ಹೋದ. ಬರಿಗಾಲಲ್ಲಿ, ಅದೇ ದಾರಿ. ಜೀರುಂಡೆಗಳ ಕೂಗು ನಿಂತಿತು. ಕಟ್ಟೆಯ ಮೇಲೆ ಪಕೀರಪ್ಪ ಹಾಗೇ ಕೂತಿದ್ದ. ಟಕ್... ಟಕ್...

"ಕಾಕಾ. ನೀ ಬಂದ್ ಮಾಡಿದ್ದಿ."

ಬೆರಳು ನಿಂತಿತು.

"ಆ ಸ್ವಿಚ್ಚಿಗೆ ತಂತಿನ ಇರಲಿಲ್ಲ. ನಾ ವೆಲ್ಡಿಂಗ್ ಮಾಡಿ ಮುಚ್ಚಿದ್ದೆ. ನೀ ಏನ್ ಮಾಡಿದ್ರೂ ತಿರಗತಿರಲಿಲ್ಲ. ತಪ್ಪು ನಂದು."

ನೀರಿನ ಗುಳುಗುಳಿನ ನಡುವೆ ಒಂದು ಪಿಸುಮಾತು...

"ಹಂಗಾದ್ರ... ಮನಿಯಾಗ ಹೇಳು."

ಜೀರುಂಡೆಗಳು ಮತ್ತೆ ಕೂಗತೊಡಗಿದವು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಕಲ್ಲು ಒದ್ದೆಯಾಗಿತ್ತು.

ಬೆಳಗಾದ ಕೂಡಲೇ ಯಮನೂರಮ್ಮನ ಮನೆಗೆ ಹೋದ. ಒಳಗೆ ಕೂರಲಿಲ್ಲ, ಹೊಸ್ತಿಲ ಹೊರಗೆ ನಿಂತೇ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು.

"ಒಂದು ವರ್ಷ ನಮ್ಮ ಮುಂದನ ಓಡಾಡಿದ್ಯಲ್ಲೋ ರುದ್ರೇಶಾ," ಅಂದಳು. ಆಮೇಲೆ, "ನಡಿ. ಕಳಕಪ್ಪನ ಮುಂದೂ ಹಿಂಗ ಹೇಳು."

ಲಾರಿ ಗಿರಣಿಯ ಹಿಂದೆ ಜಾಲಿ ಗಿಡಗಳ ನಡುವೆ ನಿಂತಿತ್ತು. ಕ್ರೇನಿನವರು ಬಿಟ್ಟು ಹೋದಂದಿನಿಂದ ಕ್ಯಾಬಿನ್ನಿಗೆ ಬೀಗ, ಚಾವಿ ಕಳಕಪ್ಪನ ಹತ್ತಿರ. ಅವನು ನಂಬಲಿಲ್ಲ, ಇವನಿಗೆ ತಲೆ ಕೆಟ್ಟಿದೆ ಅಂದ. ರುದ್ರೇಶ ಜಾಕಿ ಕೊಟ್ಟು ಹೌಸಿಂಗ್ ಬಿಚ್ಚಿ ತನ್ನ ವೆಲ್ಡಿಂಗನ್ನು ತಾನೇ ತೋರಿಸಿದ. ಕಳಕಪ್ಪನ ಮುಖ ಇಳಿಯಿತು. ಆದರೂ ಮೊಬೈಲ್ ತೆಗೆದ.

"ಅದು ಏನರ ಇರಲಿ. ಸ್ವಿಚ್ ಮ್ಯಾಲಿತ್ತು. ಫೋಟೊ ಐತಿ ನನ್ನ ಹತ್ರ. ಮರೆತಿದ್ದಂತೂ ಖರೆ."

"ಬಾಗಲಾ ತಗೀರಿ. ನಾ ನೋಡತೀನಿ," ಅಂದಳು ಯಮನೂರಮ್ಮ.

ಬೀಗ ತುಕ್ಕು ಹಿಡಿದು ಬಿಗಿದಿತ್ತು, ಸುತ್ತಿಗೆಯಿಂದ ಒಡೆಯಬೇಕಾಯಿತು. ಒಳಗೆಲ್ಲ ಕಾಲುವೆಯ ರೇವೆ ಮಣ್ಣು ಒಣಗಿ ಗಟ್ಟಿಯಾಗಿತ್ತು, ಸೀಟಿನ ಮೇಲೆ, ಸ್ಟೇರಿಂಗಿನ ಮೇಲೆ, ಸ್ವಿಚ್ಚಿನ ಮೇಲೂ. ರೇವೆ ಎಲ್ಲೂ ಬಿರಿದಿರಲಿಲ್ಲ. ಒಂದು ಬೆರಳಿನ ಗುರುತೂ ಇರಲಿಲ್ಲ.

ರುದ್ರೇಶ ಅವತ್ತೇ ಠಾಣೆಗೆ ಹೋಗಿ ತಾನಾಗಿಯೇ ಎಲ್ಲ ಹೇಳಿದ. ಕೇಸು ನಡೆದಿದೆ, ಗ್ಯಾರೇಜಿಗೆ ಬೀಗ ಬಿದ್ದಿದೆ. ಅಯ್ಯಪ್ಪ ಈಗ ಹುಲಿಗಿಯ ಕಡೆ ಗಾಡಿ ಓಡಿಸುತ್ತಾನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಕಳಕಪ್ಪನ ಮೊಬೈಲಿನ ಫೋಟೊ ನಾನೇ ನೋಡಿದ್ದೇನೆ, ಸ್ವಿಚ್ಚು ಮೇಲಿದೆ. ಜಾಲಿ ಗಿಡದ ನಡುವೆ ನಿಂತ ಲಾರಿಯನ್ನೂ ಹೋಗಿ ನೋಡಿ ಬಂದಿದ್ದೇನೆ. ಆ ಬಿರಿಯದ ರೇವೆಯ ಅಡಿಯಲ್ಲಿ ಸ್ವಿಚ್ಚು ಕೆಳಕ್ಕೆ, ಬಂದ್ ಆಗಿದೆ.