ವೆನ್ಸುವಿನ ಮನೆ ಮುಂದೆ ನಿಲ್ಲದ ಬ್ಯಾಂಡು

ಸಮುದ್ರದ ನಡುವೆ ಮಾಲ್ಟಾ ಅಂತ ಒಂದು ಪುಟ್ಟ ದೇಶ. ಇಡೀ ದೇಶ ಸೇರಿದರೂ ನಮ್ಮ ಎರಡು ಮೂರು ತಾಲೂಕಿನಷ್ಟು ಜನ, ಅಷ್ಟೇ. ಅಲ್ಲಿ ಒಂದೂರಲ್ಲಿ ಒಬ್ಬ ಸ್ಟ್ರೈಕರ್ ಇದ್ದ. ಸ್ಟ್ರೈಕರ್ ಅಂದರೆ ಗೊತ್ತಲ್ಲ? ಫುಟ್‌ಬಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಬೇಕಾದವನು. ಹೆಸರು ವೆನ್ಸು ಅಂತ ಇಟ್ಟುಕೊಳ್ಳಿ. ಈ ವೆನ್ಸು ದೇಶದ ತಂಡದಲ್ಲಿ ಹನ್ನೆರಡು ವರ್ಷ ಆಡಿದ. ಅರವತ್ತು ಪಂದ್ಯ. ಹೊಡೆದ ಗೋಲು ಎಷ್ಟು, ಹೇಳಿ ನೋಡೋಣ. ಸೊನ್ನೆ. ನಗಬೇಡಿ. ಮುಂದಿನ ಬೆಂಚಿನ ಸಿರಿಲ್ ಅವರೇ, ನೀವಂತೂ ನಗಲೇಬೇಡಿ. ನೀವು ನಮ್ಮ ಚರ್ಚಿನ ಗಾಯನವೃಂದದಲ್ಲಿ ಹಾಡುವುದನ್ನು ನಾವು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ.

ಆಟ ಬಾರದವನೇನಲ್ಲ. ಹದಿನೇಳಕ್ಕೆ ಕ್ಲಬ್ಬು ಸೇರಿದ, ಎರಡು ವರ್ಷ ಇಟಲಿಯಲ್ಲೂ ಸಂಬಳಕ್ಕೆ ಆಡಿದ, ಕ್ಲಬ್ಬಿಗೆ ಗೋಲುಗಳನ್ನೂ ಹೊಡೆದ. ಆದರೆ ದೇಶದ ತಂಡಕ್ಕೆ ಎದುರಾಗುವವರು ದೈತ್ಯರು. ಚೆಂಡು ವೆನ್ಸುವಿನ ತನಕ ಬರುವುದೇ ಅಪರೂಪ. ಹಾಗಿದ್ದರೂ ತರಬೇತುದಾರ ಪ್ರತಿ ಸಲ ಮೊದಲು ಬರೆಯುತ್ತಿದ್ದದ್ದು ಅವನ ಹೆಸರನ್ನೇ. ಯಾಕೆ? ಅವನು ಓಡುತ್ತಿದ್ದ. ಚೆಂಡು ತನಗೆ ಬರುವುದಿಲ್ಲ ಎಂದು ಗೊತ್ತಿದ್ದೂ ಓಡುತ್ತಿದ್ದ. ಅವನು ಓಡಿದರೆ ಎದುರಾಳಿಗಳಲ್ಲಿ ಇಬ್ಬರು ಅವನ ಬೆನ್ನು ಹತ್ತಲೇಬೇಕು. ಆ ಇಬ್ಬರು ಬಿಟ್ಟುಹೋದ ಜಾಗದಲ್ಲಿ ಜೊತೆಯವರಿಗೆ ದಾರಿಯಾಗುತ್ತಿತ್ತು. ಹನ್ನೆರಡು ವರ್ಷ ಬೇರೆಯವರಿಗೆ ದಾರಿ ಬಿಡಿಸಿಕೊಟ್ಟವನು ಅವನು. ನನಗಂತೂ ಅಂಥವನ ಕಾಲು ಮುಟ್ಟಬೇಕು ಅನ್ನಿಸುತ್ತದೆ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಊರಿನವನು ಯಾರಾದರೂ ದೇಶಕ್ಕಾಗಿ ಗೋಲು ಹೊಡೆದರೆ, ಅದೇ ಸಂಜೆ ಊರಿನ ಬ್ಯಾಂಡ್‌ಸೆಟ್ ಅವನ ಮನೆ ಬಾಗಿಲಿಗೆ ಹೋಗಿ ಬಾರಿಸಬೇಕು. ಅದರಲ್ಲಿ ತುತ್ತೂರಿ ಊದುವವನು ಯಾರು? ವೆನ್ಸುವಿನ ಅಪ್ಪ. ಬೇರೆಯವರ ಮನೆ ಮುಂದೆ ನಾಲ್ಕು ಸಲ ಊದಿ ಬಂದಿದ್ದ. ತನ್ನ ಮನೆ ಮುಂದೆ ಒಮ್ಮೆ ಊದಬೇಕು, ಅದೊಂದೇ ಆಸೆ. ವಯಸ್ಸಾಗುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ, ಆ ದಿನ ಎಲ್ಲಿ ಕೈತಪ್ಪುತ್ತದೋ ಎಂಬ ಆತಂಕ. ಅದಕ್ಕೆ ಏನು ಮಾಡಿದ ನೋಡಿ. ಮಗನ ಪಂದ್ಯವಿದ್ದ ದಿನವೆಲ್ಲ ಸಮವಸ್ತ್ರ ಹಾಕಿಕೊಂಡು, ತುತ್ತೂರಿ ತೊಡೆಯ ಮೇಲಿಟ್ಟುಕೊಂಡು ಬ್ಯಾಂಡಿನ ಕೋಣೆಯಲ್ಲಿ ಕೂರುತ್ತಿದ್ದ. ಗೋಲು ಬಿತ್ತು ಎಂಬ ಸುದ್ದಿ ಬಂದರೆ ತಡಮಾಡದೆ ಹೊರಡಬೇಕಲ್ಲ. ಹನ್ನೆರಡು ವರ್ಷ ಹಾಗೇ ಕೂತ. ಮಗ ದೇಶಕ್ಕಾಗಿ ಆಡುವುದನ್ನು ಒಂದು ದಿನವೂ ನೋಡಲಿಲ್ಲ. ಪ್ರೀತಿ ಇಲ್ಲದ ಅಪ್ಪ ಅಂದುಕೊಳ್ಳಬೇಡಿ. ಪ್ರೀತಿ ಹೆಚ್ಚಾಗಿಯೇ ಈ ತಪ್ಪು ಮಾಡಿದ.

ಮಗ ಸೋತು ಸುಣ್ಣವಾಗಿ ಮನೆಗೆ ಬಂದರೆ ಅಪ್ಪ ಕೇಳುತ್ತಿದ್ದದ್ದು ಒಂದೇ ಮಾತು, "ಹೊಡೆದ್ಯಾ?" "ಇಲ್ಲಪ್ಪಾ." ಅಷ್ಟೇ. ಆಮೇಲೆ ಇಬ್ಬರೂ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಕೊನೆಗೆ ಮೊಣಕಾಲು ಕೆಟ್ಟಿತು. ಇನ್ನೊಂದೇ ಪಂದ್ಯ, ಆಮೇಲೆ ನಿವೃತ್ತಿ. ಆ ಬೆಳಿಗ್ಗೆ ವೆನ್ಸು ಅಪ್ಪನ ಮುಂದೆ ಒಂದು ಟಿಕೆಟ್ ಇಟ್ಟ.

"ಇವತ್ತು ಬಂದು ನೋಡಪ್ಪಾ."

"ನಾನಲ್ಲಿ ಬಂದು ಕೂತ್ರೆ, ನೀನು ಗೋಲು ಹೊಡೆದಾಗ ಇಲ್ಲಿ ಊದೋರು ಯಾರೋ?"

"ನಾನು ಹೊಡೆಯೋದು ಇವತ್ತೂ ಡೌಟೇ. ಅಲ್ಲಿ ನಾನೇನು ಮಾಡ್ತೀನಿ ಅಂತ ಒಂದ್ಸಲನಾದ್ರೂ ನಿನಗೆ ಗೊತ್ತಾಗ್ಬೇಕು, ಬಾ."

ಅಪ್ಪ ಒಲ್ಲದ ಮನಸ್ಸಿನಿಂದ ಹೋದ. ಮೊದಲ ಹತ್ತು ನಿಮಿಷ ಚೆಂಡನ್ನೇ ನೋಡಿದ, ನಾವೆಲ್ಲ ನೋಡುವ ಹಾಗೆ. ಚೆಂಡಿನ ಹತ್ತಿರ ಮಗನೇ ಇಲ್ಲ. ಆಮೇಲೆ ಚೆಂಡು ಬಿಟ್ಟು ಮಗನನ್ನು ನೋಡತೊಡಗಿದ. ಕುಂಟುವ ಕಾಲಲ್ಲಿ ಓಡುತ್ತಾನೆ, ಬೀಳುತ್ತಾನೆ, ಏಳುತ್ತಾನೆ, ಮತ್ತೆ ಓಡುತ್ತಾನೆ. ಚೆಂಡು ಬರಲಿಲ್ಲ ಎಂದು ಒಮ್ಮೆಯೂ ಯಾರನ್ನೂ ಬೈಯುವುದಿಲ್ಲ. ಪಕ್ಕದಲ್ಲಿ ಕೂತವನೊಬ್ಬ, "ಈ ದಂಡಪಿಂಡನ್ನ ಯಾಕಿನ್ನೂ ಇಟ್ಕೊಂಡಿದಾರೋ" ಅಂದ. ಅಪ್ಪ ಬೈಯಲು ಅವನತ್ತ ತಿರುಗಿದ, ಬೈಯದೆ ಮತ್ತೆ ಮೈದಾನದ ಕಡೆಗೇ ತಿರುಗಿದ. ಯಾಕೆ ಗೊತ್ತೇ? ಹನ್ನೆರಡು ವರ್ಷ ತಾನೂ ಒಳಗೊಳಗೆ ಅದನ್ನೇ ಅಂದುಕೊಂಡಿದ್ದ.

ಎಂಬತ್ತನೆಯ ನಿಮಿಷ, ಎರಡೂ ಕಡೆ ಸೊನ್ನೆ. ವೆನ್ಸು ಎಡಕ್ಕೆ ಓಡಿದ. ಇಬ್ಬರು ಬೆನ್ನು ಹತ್ತಿದರು. ನಡುವೆ ಬಾಗಿಲು ತೆಗೆದ ಹಾಗಾಯಿತು. ಅದೇ ಊರಿನ ಇನ್ನೊಬ್ಬ ಆಟಗಾರ ಅಲ್ಲಿ ನುಗ್ಗಿ ಗೋಲು ಹೊಡೆದ. ಆ ಪುಟ್ಟ ದೇಶ ಗೆದ್ದಿತು. ಮೈದಾನವೆಲ್ಲ ಹೊಡೆದವನ ಹೆಸರು ಕೂಗಿತು. ಅಪ್ಪನೊಬ್ಬ ಮಾತ್ರ ಎಡಗಡೆ ಹುಲ್ಲಿನ ಮೇಲೆ ಬಿದ್ದಿದ್ದವನನ್ನು ನೋಡಿ ಅಳುತ್ತಿದ್ದ.

ಸಂಜೆ ಬ್ಯಾಂಡು ಗೋಲು ಹೊಡೆದವನ ಮನೆಗೆ ಹೊರಟಿತು. ಅಪ್ಪನೂ ಹೋಗಿ ಮನಸಾರೆ ಊದಿದ. ಆಮೇಲೆ ಒಬ್ಬನೇ ತನ್ನ ಬೀದಿಗೆ ಬಂದು, ತನ್ನ ಬಾಗಿಲ ಮುಂದೆ ನಿಂತು, ಅದೇ ಧಾಟಿಯನ್ನು ಮೊದಲಿನಿಂದ ಊದತೊಡಗಿದ. ವೆನ್ಸು ಮೊಣಕಾಲಿಗೆ ಐಸು ಕಟ್ಟಿಕೊಂಡು ಕುಂಟುತ್ತ ಹೊರಗೆ ಬಂದ.

"ಅಪ್ಪಾ, ಜನ ನಗ್ತಾರೆ. ನಾನು ಗೋಲು ಹೊಡೆದಿಲ್ಲ."

"ಗೊತ್ತು ಕಣೋ. ನಾನು ಅಲ್ಲೇ ಇದ್ನಲ್ಲ, ಎಲ್ಲಾ ನೋಡಿದೀನಿ. ಇಷ್ಟು ವರ್ಷ ಸುಮ್ನೆ ಕೂತಿದ್ದೆ. ಈಗ ಊದೋಕೆ ಬಿಡು."

ಈಗ ನಮ್ಮ ವಿಷಯಕ್ಕೆ ಬನ್ನಿ. ಕಥೆ ಚೆನ್ನಾಗಿತ್ತು ಫಾದರ್ ಅಂತ ಹೊರಗೆ ಕೈ ಕುಲುಕಿ ಹೋಗಿಬಿಡಬೇಡಿ. ಪಾಸಾದ್ಯಾ? ಕೆಲಸ ಸಿಕ್ತಾ? ಅಡುಗೆ ಆಯ್ತಾ? ನಾವೂ ಒಂದೊಂದೇ ಪ್ರಶ್ನೆ ಹಿಡಿದು ಕೂತವರಲ್ಲವೇ? ಇಲ್ಲ ಅಂದರೆ ಮುಖ ತಿರುಗಿಸುತ್ತೇವೆ. ನಾನೂ ಹಾಗೆಯೇ. ಈ ಬೆಂಚುಗಳನ್ನು ಪ್ರತಿ ಶನಿವಾರ ಒರೆಸುವ ತೆರೇಸಮ್ಮನವರಿಗೆ "ಇಲ್ಲಿ ಧೂಳಿದೆಯಲ್ಲಮ್ಮಾ" ಅನ್ನುವುದಷ್ಟೇ ಆರು ವರ್ಷದಿಂದ ನನಗೆ ಗೊತ್ತಿತ್ತು. ಅವರು ಒಂದೊಂದು ಬೆಂಚಿಗೂ ಮೊಣಕಾಲೂರಿ ಒರೆಸುವುದನ್ನು ಹೋದ ವಾರ ಕಂಡೆ. ನನಗೆ ನಾಚಿಕೆಯಾಯಿತು.

ಪರೀಕ್ಷೆಯಲ್ಲಿ ಬಿದ್ದ ಮಗಳು ಮತ್ತೆ ಓದಲು ಕೂತಾಗ, ಫೋನು ಪಕ್ಕಕ್ಕಿಟ್ಟು ಅರ್ಧ ಗಂಟೆ ಅವಳ ಹತ್ತಿರ ಕೂರಿ. ನಿಮ್ಮ ಹೆಂಡತಿ ಬೆಳಿಗ್ಗೆ ಐದಕ್ಕೆ ಏಳುತ್ತಾರಲ್ಲ, ಒಂದು ದಿನ ನೀವೂ ಎದ್ದು ಅಡುಗೆಮನೆಯಲ್ಲಿ ನಿಲ್ಲಿ. ಬುದ್ಧಿ ಹೇಳಬೇಡಿ, ಬರೀ ನೋಡಿ. ನೋಡಿದ್ದನ್ನು ಅವರೆದುರಿಗೇ ಬಾಯಿಬಿಟ್ಟು ಹೇಳಿ. ನಾಳೆ ದೇವರು ನಮ್ಮನ್ನು ಎಷ್ಟು ಗೆದ್ದೆ ಎಂದಷ್ಟೇ ಕೇಳಿದರೆ ನಮ್ಮಲ್ಲಿ ಎಷ್ಟು ಜನ ಉಳಿದೇವು? ನಮ್ಮ ಪಾಡನ್ನೂ ಅವನು ನೋಡುತ್ತಿದ್ದಾನೆ ಎಂಬ ಧೈರ್ಯದಿಂದಲೇ ಅಲ್ಲವೇ ಇಲ್ಲಿ ಬಂದು ಕೂತಿರುವುದು? ಹಾಗಿದ್ದರೆ ಮನೆಯವರಿಗೂ ಅಷ್ಟು ಧೈರ್ಯ ಕೊಡಿ. ಇವತ್ತೇ, ಮಧ್ಯಾಹ್ನದ ಊಟಕ್ಕೆ ಕೂರುವ ಮೊದಲೇ ಶುರು ಮಾಡಿ.