ಐವತ್ತೇ ಪಿನ್ನು
ಕೊರಟಗೆರೆ ಬಸ್ ನಿಲ್ದಾಣದಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಚನ್ನರಾಯನದುರ್ಗ ಹತ್ತಿ ಇಳಿದು ಬಂದ ಇಬ್ಬರು ಗೆಳತಿಯರು ಶಿರಾ ಬಸ್ಸಿಗೆ ಕಾಯುತ್ತಿದ್ದರು. ಯಾಸ್ಮಿನ್ ಎಂಬವಳ ಅಂಗೈಯಲ್ಲಿ ಕೋಟೆಯ ಚಿತ್ರವಿದ್ದ ಪುಟ್ಟ ಪಿನ್ನು ಇತ್ತು. ಇನ್ನೊಬ್ಬಳು ಅದನ್ನೇ ನೋಡುತ್ತಾ ಸಿಡುಕುತ್ತಿದ್ದಳು.

"ಮೊದ್ಲು ಬಂದ ಐವತ್ತು ಜನಕ್ಕೆ ಮಾರ್ತೀವಿ ಅಂದ್ಬುಟ್ಟು, ಮೇಲೆ ಹೋದ್ಮೇಲೆ ಚೀಟಿ ಎತ್ತುದ್ರಲ್ಲ. ಇದ್ಯಾವ ನ್ಯಾಯ?"

"ಇನ್ನೂರು ಜನ ಬಂದವ್ರೆ ಶ್ರೀಲತಾ. ಚಾರಣದ ಸಂಘದೋರು ಏನ್ ಮಾಡ್ತಾರೆ?"

"ಆಡಿದ ಮಾತು ಉಳುಸ್ಕೋಬೇಕಿತ್ತು. ಐದು ಗಂಟೆಗೇ ಬಂದು ನಿಂತಿದ್ದೆ ನಾನು. ಮಧುಗಿರಿದು, ಪಾವಗಡದ್ದು, ಎಲ್ಲಾ ಕೋಟೆ ಪಿನ್ನೂ ಐತೆ ನನ್ಹತ್ರ. ಇದೊಂದೇ ಬಾಕಿ. ಮತ್ತೆ ಮಾಡ್ಸಲ್ವಂತೆ."

"ಗೊತ್ತು."

"ಗೊತ್ತಿದ್ರೆ ಕೊಡು ಮತ್ತೆ. ನೀನೇನು ಪಿನ್ ಕೂಡಾಕೋಳಾ? ಜೊತೆಗಿರ್ಲಿ ಅಂತ ನಾನೇ ಕರ್ಕೊಂಡ್ ಬಂದಿದ್ದು."

"ಚೀಟೀಲಿ ಬಂದಿದ್ದು ನನ್ನ ಹೆಸ್ರು."

"ಅದು ಬರೀ ಅದೃಷ್ಟ. ನೀನೇನು ಕಷ್ಟಪಟ್ಟೆ?"

"ನಾನೂ ಅದೇ ಬೆಟ್ಟ ಹತ್ತಿದ್ದು ಕಣೇ, ನಿನ್ನ ನೀರಿನ ಬಾಟ್ಲಿನೂ ಹೊತ್ಕೊಂಡು. ಆವಾಗಿಂದ ಅನ್ಯಾಯ ಅನ್ಯಾಯ ಅಂತ ಬಯ್ತಾನೇ ಇದ್ದೀಯ. ನಂಗೂ ಇದು ಇಷ್ಟ ಆಯ್ತಾ ಅಂತ ಒಂದ್ ಸಲನಾದ್ರೂ ಕೇಳ್ದ್ಯಾ?"

ಶ್ರೀಲತಾ ಮುಖ ತಿರುಗಿಸಿದಳು. ಅಷ್ಟರಲ್ಲಿ ಶಿರಾ ಬಸ್ಸು ಬಂತು. ಅವಳು ಮೊದಲು ಹತ್ತಿ ಕಿಟಕಿಯ ಬಳಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗು ಇಟ್ಟಳು.

ಯಾಸ್ಮಿನ್ ನಿಂತಲ್ಲೇ ಪಿನ್ನನ್ನು ದುಪ್ಪಟ್ಟಾಕ್ಕೆ ಚುಚ್ಚಿಕೊಂಡು ಬಸ್ಸು ಹತ್ತಿದಳು. ಆ ಬ್ಯಾಗನ್ನು ಎತ್ತಿ ಗೆಳತಿಯ ತೊಡೆಯ ಮೇಲಿಟ್ಟು, ಅಲ್ಲೇ ಕೂತಳು.