ನಾಲ್ಕನೇ ಕಲ್ಲು

ಒಲೆ ಹತ್ತಿರ ಸರಿದು ಕೂತ್ಕೊಳ್ಳಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗ ಲೆಬೋನನಿಗೇ ಆದದ್ದು. ರಾತ್ರಿ ಕೂಡ ಅಲ್ಲ... ಮಟಮಟ ಮಧ್ಯಾಹ್ನ.

ಲೆಬೋನ, ಅವನ ತಂಗಿಯ ಗಂಡ ತುಮೆಲೊ, ಗೆಳೆಯ ಸೆಲ್ಲೊ. ಮೂರು ಬೈಕು. ಪ್ರತಿ ಚಳಿಗಾಲ ಮಸೇರು ಪಟ್ಟಣದಿಂದ ಬೆಟ್ಟ ಹತ್ತಿ, ಘಾಟಿಯಾಚೆಯ ಊರು ಮೊಖೊಟ್ಲಾಂಗಿಗೆ ಹೋಗುವವರು. ಮೊದಲು ನಾಲ್ವರಿದ್ದರು. ನಾಲ್ಕನೆಯವನು ಮೊಹಾಪಿ, ಎಡಚ. ಚಳಿಗೆ ಹೊದೆಯುವ ಕಂಬಳಿಯ ಪಿನ್ನನ್ನೂ ಎಲ್ಲರಂತೆ ಬಲ ಭುಜಕ್ಕೆ ಹಾಕದೆ ಎಡಕ್ಕೆ ಹಾಕಿ ನಗೆಗೀಡಾಗುವವನು. ಹಿಂದಿನ ವರ್ಷ ಘಾಟಿಯ ನೆತ್ತಿಯಲ್ಲಿ ಜಾರಿ, ಬೈಕಿನ ಸಮೇತ ಕೆಳಕ್ಕೆ ಹೋದ. ಮುಂದಿನ ದಾರಿ ಹಿಮದಿಂದ ಮುಚ್ಚಿಹೋಗಿತ್ತು. ಹೆಣವನ್ನು ಮಸೇರುವಿಗೇ ತಂದು ಮಣ್ಣು ಮಾಡಿದರು. ಮೊಖೊಟ್ಲಾಂಗಿನಲ್ಲಿದ್ದ ತಾಯಿಗೆ ಮಗನ ಮುಖವೂ ನೋಡಲು ಸಿಗಲಿಲ್ಲ.

ಆ ನೆತ್ತಿಯಲ್ಲಿ ಕಲ್ಲುಗುಡ್ಡೆ ಇದೆಯಲ್ಲ, ದಾಟುವವರು ಒಬ್ಬೊಬ್ಬರೂ ಒಂದೊಂದು ಕಲ್ಲು ಹಾಕುವುದು? ಈ ಸಲ ಮೂವರೂ ಹಾಕಿದರು. ತುಮೆಲೊ ಇನ್ನೊಂದು ಹಾಕಿದ.

"ಲೇ, ಯಾರಿಗೋ ಅದು?" ಎಂದ ಸೆಲ್ಲೊ.

"ಮೊಹಾಪಿಗೆ."

"ತಲೆ ಕೆಟ್ಟಿದ್ಯಾ? ದಾಟೋರಿಗೆ ಹಾಕೋ ಕಲ್ಲು ಅದು!"

"ಪಾಪ, ಅವನೂ ದಾಟ್ಲಿ ಬಿಡೋ."

ಹೊರಟು ಐದು ನಿಮಿಷವಿಲ್ಲ, ಮಂಜು ಕವಿಯಿತು. ತನ್ನ ಮುಂದಿನ ಚಕ್ರ ತನಗೇ ಕಾಣದು. ಮಂಜಿನಲ್ಲಿ ಅವರದೊಂದು ಕ್ರಮ. ಮುಂದಿನವನು ಹಾರನ್ ಒತ್ತಬೇಕು, ಹಿಂದಿನವರು ಒಬ್ಬೊಬ್ಬರಾಗಿ ಓಗೊಡಬೇಕು. ಮುಂದೆ ಲೆಬೋನ. ಪೀಂ. ಸೆಲ್ಲೊ... ಪೀಂ. ತುಮೆಲೊ... ಪೀಂಪೀಂ.

ಆಮೇಲೆ... ಕ್ರ್‌ರ್... ಪೋಂ.

ನೀರು ಹೊಕ್ಕ ಹಾರನ್. ಗೊಗ್ಗರು ದನಿ. ಲೆಬೋನನಿಗೆ ಆ ಹಾರನ್ ಗೊತ್ತು. ರಿಪೇರಿ ಮಾಡಿಸೋ ಎಂದು ಮೊಹಾಪಿಗೆ ಎಷ್ಟು ಸಲ ಬೈದಿದ್ದನೋ.

ಮತ್ತೆ ಒತ್ತಿದ. ಪೀಂ. ಸೆಲ್ಲೊ... ಪೀಂ. ತುಮೆಲೊನದು ಬರಲಿಲ್ಲ.

ಕ್ರ್‌ರ್... ಪೋಂ.

ತಂಗಿಗೆ ಆಗ ಏಳು ತಿಂಗಳು. ಅವಳ ಗಂಡನನ್ನು ಬಿಟ್ಟು ಯಾವ ಮುಖ ಹೊತ್ತು ಮನೆಗೆ ಹೋಗುವುದು? ಲೆಬೋನ ಬೈಕು ನಿಲ್ಲಿಸಿ ಹಿಂದಕ್ಕೆ ನಡೆದ. ಸೆಲ್ಲೊ ಕೂತಲ್ಲಿಂದ ಅಲುಗಲಿಲ್ಲ, ಕಣ್ಣು ಮುಚ್ಚಿ ದೇವರನ್ನು ಕರೆಯುತ್ತಿದ್ದ.

ತುಮೆಲೊ ರಸ್ತೆಯ ಅಂಚಿನಲ್ಲಿ ನಿಂತಿದ್ದ. ಮೈಮೇಲೆ ಕಂಬಳಿಯಿಲ್ಲ. ಅರ್ಧ ಪಾದ ಪ್ರಪಾತದ ಕಡೆ.

"ಭಾವ..." ಪಿಸುಗುಟ್ಟಿದ. "ಅವನಿಗೆ ಚಳಿಯಂತೆ. ಕಂಬಳಿ ಕೊಟ್ಟೆ. ಮನೆಗೆ ಜೊತೆಗೆ ಬಾ ಅಂತಾನೆ..."

ಲೆಬೋನ ಅವನ ಬೆಲ್ಟಿಗೆ ಕೈಹಾಕಿ ಹಿಂದಕ್ಕೆಳೆದ. ಮಂಜಿನ ಕಡೆ ತಿರುಗಿ ಹೇಳಿದ.

"ಮೊಹಾಪಿ... ನಿನ್ನ ಕಲ್ಲೂ ಹಾಕಿದ್ದೀವಿ ಕಣೋ. ದಾರಿ ನಿಂಗೇ ಗೊತ್ತು. ನೀನು ಮುಂದೆ ಹೋಗು... ಇವನನ್ನ ಬಿಡು."

ರಸ್ತೆಯ ಜಲ್ಲಿ ಕರಕರ ಎಂದಿತು... ಚಕ್ರವೊಂದು ಪಕ್ಕದಲ್ಲೇ ಹಾದುಹೋದ ಹಾಗೆ. ಎಂಜಿನ್ನಿನ ಸದ್ದಿಲ್ಲ. ದೂರದ ಇಳಿಜಾರಿನಿಂದ, ಕ್ರ್‌ರ್... ಪೋಂ.

ಆ ರಾತ್ರಿ ದಾರಿಯ ಒಂದು ಅಂಗಡಿಯಲ್ಲಿ ಒರಗಿಕೊಂಡು, ಬೆಳಿಗ್ಗೆ ಮೊಖೊಟ್ಲಾಂಗಿನಲ್ಲಿ ಮೊಹಾಪಿಯ ತಾಯಿಯ ಮನೆಗೆ ಹೋದರು. ಇಡೀ ವರ್ಷ ಆ ಮುಖ ನೋಡಲು ಹೆದರಿದ್ದವರು. ಮುದುಕಿ ಬಿಸಿ ಜೋಳದ ಗಂಜಿ ಕೊಟ್ಟಳು.

"ಉಣ್ಣಿ ಮಕ್ಳೇ. ನಿನ್ನೆ ಕಣ್ತುಂಬ ನಿದ್ದೆ ಬಂತು ನಂಗೆ."

ಬಾಗಿಲ ಹಿಂದಿನ ಮೊಳೆಯಲ್ಲಿ ತುಮೆಲೊನ ಕಂಬಳಿ ನೇತಾಡುತ್ತಿತ್ತು. ಇನ್ನೂ ಒದ್ದೆ.

ಯಾರು ತಂದರು, ಹೇಗೆ ತಂದರು, ನನ್ನನ್ನು ಕೇಳಬೇಡಿ. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಮುದುಕಿ ಆ ಕಂಬಳಿಯ ಪಿನ್ನನ್ನು ಇವತ್ತಿಗೂ ಬಿಚ್ಚಿಲ್ಲ, ನಾನೇ ಹೋಗಿ ನೋಡಿ ಬಂದಿದ್ದೇನೆ. ಪಿನ್ನು ಎಡ ಭುಜಕ್ಕೆ ಹಾಕಿದೆ.